ಒಂದೇ ತುಂಡಿನ ಡ್ರೈವ್‌ಶಾಫ್ಟ್: ಮದ್ದಿಗೆ ಮುನ್ನ ರೋಗನಿರ್ಣಯ

(ಮುಶೈರಿಬ್‌ನಲ್ಲಿ ನಡೆದ ನಮ್ಮ ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಮಾತಿಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರವನ್ನೇ ಹೇಳುವರೆಂದು ತಾವು ನಿರೀಕ್ಷಿಸಿರಬಹುದು. ಇಂದಿನ ನಮ್ಮ ರೋಗಿಯೇ ಬೇರೆ. ಅದು ನಮ್ಮ ಮನೆಯ ನಾಲ್ಕು ಬಾಗಿಲಿನ ಹಳೆಯ ಪಿಕಪ್ ವಾಹನ. ಅದಕ್ಕೆ ಬಂದ ನಡುಕವೂ ನಾವು ಮಾಡಿಸಿದ ತಪ್ಪು ಚಿಕಿತ್ಸೆಯೂ ಈ ಹೊತ್ತಿನ ವಿಷಯ.

ಮುಶೈರಿಬ್‌ನ ಹಳೆಯ ಕಟ್ಟಡಗಳು ಮರುನಿರ್ಮಾಣಕ್ಕಾಗಿ ತೆರವಾಗುವುದಕ್ಕೆ ಮುಂಚಿನ ಮಾತು. ಆಗ ನಾವು ಇಲ್ಲಿಯೇ ಕಹರಬಾ ಬೀದಿಯ ಸಮೀಪ ವಾಸವಾಗಿದ್ದೆವು. ವಾಹನವನ್ನು ನಿಂತಲ್ಲಿಂದ ಹೊರಡಿಸಿದೊಡನೆ ಅದರ ತಳಭಾಗ ಒಮ್ಮೆ ಕಂಪಿಸಿ ಸುಮ್ಮನಾಗುತ್ತಿತ್ತು. ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಒಯ್ಯುವ ತಿರುಗುವ ಕೊಳವೆಯೇ ಡ್ರೈವ್‌ಶಾಫ್ಟ್. ಉದ್ದನೆಯ ವಾಹನಗಳಲ್ಲಿ ಅದನ್ನು ಸಾಮಾನ್ಯವಾಗಿ ಎರಡು ತುಂಡುಗಳಾಗಿ ಮಾಡಿ, ನಡುವೆ ರಬ್ಬರಿನ ಬಳೆಯೊಳಗೆ ಕುಳಿತ ಒಂದು ಬೇರಿಂಗ್‌ನ ಆಸರೆ ಕೊಟ್ಟಿರುತ್ತಾರೆ. ಇಲ್ಲಿಯ ಬಿಸಿಲಿಗೆ ಆ ರಬ್ಬರು ಬಿರಿಯುತ್ತದೆ. ಮರಳಿನ ಧೂಳು ಬೇರಿಂಗನ್ನು ಸವೆಸುತ್ತದೆ.

ಒಂದು ಗ್ಯಾರೇಜಿನವರು ಸುಲಭೋಪಾಯ ಸೂಚಿಸಿದರು. ಎರಡು ತುಂಡನ್ನು ತೆಗೆದು ಹೊರಗಿನ ತಯಾರಿಕೆಯ ಒಂದೇ ತುಂಡಿನ ಶಾಫ್ಟ್ ಹಾಕಿಸಿದರೆ ನಡುವಿನ ಬೇರಿಂಗೇ ಇರುವುದಿಲ್ಲ, ಅದರ ಕಾಟವೂ ಇರುವುದಿಲ್ಲ ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಅಳತೆಯನ್ನು ಕೇಳದೆ ಒಪ್ಪಿಕೊಂಡೆವು.

ಊರೊಳಗೆ ವಾಹನ ಬೆಣ್ಣೆಯಂತೆ ಓಡಿತು. ಮುಂದಿನ ಶುಕ್ರವಾರ ಸಂಸಾರಸಮೇತ ದುಖಾನ್ ಕಡಲತೀರಕ್ಕೆ ಹೊರಟೆವು. ವೇಗ ಗಂಟೆಗೆ 110 ಕಿ.ಮೀ. ಮುಟ್ಟುತ್ತಲೇ ತಳದಿಂದ ಗುಂಯ್ ಎಂಬ ನಾದವೆದ್ದಿತು. ಕನ್ನಡಿಯೊಳಗಿನ ನೋಟ ಮಸುಕಾಯಿತು. ಹಿಂದಿನ ಆಸನದಲ್ಲಿ ನಿದ್ರಿಸುತ್ತಿದ್ದ ಮಕ್ಕಳು ಬೆಚ್ಚಿ ಎದ್ದರು. ಆ ಶಾಫ್ಟ್ ತಿರುಗುತ್ತಿದ್ದುದು ಸರಿಯಾಗಿ ಅವರ ಆಸನದ ಕೆಳಗೆ. ವಾಹನವನ್ನು ಪಕ್ಕಕ್ಕೆ ನಿಲ್ಲಿಸಿ, ನಿಧಾನವಾಗಿ ಮನೆಗೆ ಮರಳಿದೆವು.

ಅಂದು ಸಂಜೆ ಇಂಜಿನಿಯರ್ ಮಿತ್ರರೊಬ್ಬರು ಕಾಗದ ಹಿಡಿದು ಲೆಕ್ಕ ತೋರಿಸಿದರು. ಮಕ್ಕಳು ಆಟಕ್ಕೆ ತಿರುಗಿಸುವ ಹಗ್ಗ ನಡುವೆ ಹೇಗೆ ಹೊರಕ್ಕೆ ಬಾಗುವುದೋ, ಹಾಗೆಯೇ ಪ್ರತಿಯೊಂದು ಕೊಳವೆಯೂ ಒಂದು ನಿರ್ದಿಷ್ಟ ವೇಗದಲ್ಲಿ ಬಿಲ್ಲಿನಂತೆ ಬಾಗಲಾರಂಭಿಸುತ್ತದೆ. ಇದೇ ಅದರ ಸಂಧಿವೇಗ. ಉದ್ದ ಇಮ್ಮಡಿಯಾದರೆ ಸಂಧಿವೇಗ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ವ್ಯಾಸ ಹೆಚ್ಚಿದಷ್ಟೂ ಅದು ಏರುತ್ತದೆ. ತಯಾರಕರು ಎರಡು ತುಂಡು ಮಾಡಿದ್ದು ಜಿಪುಣತನದಿಂದಲ್ಲ, ಈ ಕಾರಣದಿಂದ.

ನಮ್ಮ ಹೊಸ ಶಾಫ್ಟಿನ ಉದ್ದ 1.8 ಮೀಟರ್, ವ್ಯಾಸ 76 ಮಿ.ಮೀ. ಗಣಿತದ ಪ್ರಕಾರ ಅಂಥ ಉಕ್ಕಿನ ಕೊಳವೆಯ ಸಂಧಿವೇಗ ನಿಮಿಷಕ್ಕೆ ಸುಮಾರು 3,900 ಸುತ್ತು; ತುದಿಗಳ ಆಸರೆ ಸಡಿಲವಾದಷ್ಟೂ ಇನ್ನೂ ಕಡಿಮೆ. ಅದರ ಮುಕ್ಕಾಲು ಪಾಲನ್ನು ಮೀರದಿರುವುದು ಕ್ಷೇಮ; ಅಂದರೆ ಸುಮಾರು 2,900. ಚಕ್ರದ ಸುತ್ತಳತೆ 2.4 ಮೀಟರ್, ಆಕ್ಸಲ್ ಅನುಪಾತ 4 ಎಂದಿಟ್ಟುಕೊಂಡರೆ 110 ಕಿ.ಮೀ. ವೇಗದಲ್ಲಿ ಶಾಫ್ಟ್ ನಿಮಿಷಕ್ಕೆ 3,000ಕ್ಕೂ ಮೇಲ್ಪಟ್ಟು, 120ರಲ್ಲಿ 3,300ಕ್ಕೂ ಮೇಲ್ಪಟ್ಟು ಸುತ್ತುತ್ತದೆ. ಮಕ್ಕಳು ಬೆಚ್ಚಿದ್ದು ಏಕೆಂಬುದು ಕಾಗದದ ಮೇಲೆಯೇ ಇತ್ತು.

ಹಾಗಾದರೆ ಒಂದೇ ತುಂಡಿನ ಶಾಫ್ಟ್ ನಿಷಿದ್ಧವೆ? ಇಲ್ಲ. ಅದೇ ಉದ್ದಕ್ಕೆ ವ್ಯಾಸವನ್ನು 100 ಮಿ.ಮೀ. ಮಾಡಿದರೆ ಸಂಧಿವೇಗ 5,100ರ ಆಸುಪಾಸಿಗೆ ಏರುತ್ತದೆ. ಅಲ್ಯೂಮಿನಿಯಂ ಹಗುರವಾದುದರಿಂದ ಕ್ಷೇಮವೆಂಬ ಮಾತು ಅರ್ಧಸತ್ಯ. ತೂಕಕ್ಕೆ ತಕ್ಕ ಬಿಗುವಿನಲ್ಲಿ ಅದೂ ಉಕ್ಕೂ ಹೆಚ್ಚುಕಡಿಮೆ ಸಮಾನ. ಅದರ ಲಾಭ ದಪ್ಪ ಕೊಳವೆಯನ್ನು ಹಗುರವಾಗಿ ಮಾಡಬಹುದೆಂಬುದರಲ್ಲಿದೆ. ಕಾರ್ಬನ್ ಫೈಬರ್ ಮಾತ್ರ ಈ ಗುಣದಲ್ಲಿ ಎರಡನ್ನೂ ಮೀರಿಸುತ್ತದೆ, ಬೆಲೆಯಲ್ಲಿಯೂ ಹಾಗೆಯೇ.

ಆದುದರಿಂದ ಕೊಳ್ಳುವ ಮುನ್ನ ಕೆಲವನ್ನು ಕೇಳಿ ತಿಳಿಯಬೇಕು. ಉದ್ದವನ್ನು ವಾಹನದ ಭಾರ ಚಕ್ರಗಳ ಮೇಲೆ ಇರುವಾಗಲೇ ಅಳೆದರೆ? ನಮ್ಮ ಆಕ್ಸಲ್ ಅನುಪಾತಕ್ಕೂ ಗರಿಷ್ಠ ವೇಗಕ್ಕೂ ಸಂಧಿವೇಗವನ್ನು ಲೆಕ್ಕ ಹಾಕಿದರೆ? ದಪ್ಪ ಕೊಳವೆಗೆ ತಳದಲ್ಲಿ ತಗಲದಷ್ಟು ಜಾಗವಿದೆಯೆ? ಯಂತ್ರದ ಮೇಲೆ ತಿರುಗಿಸಿ ತೂಕದ ಸಮತೋಲ ನೋಡಿದರೆ? ಎರಡು ತುದಿಗಳ ಯೂನಿವರ್ಸಲ್ ಜಾಯಿಂಟುಗಳು ಒಂದೇ ಸಾಲಿನಲ್ಲಿವೆಯೆ, ಅವುಗಳ ಕೋನಗಳು ಸಮವೆ? ಕೋನದಲ್ಲಿ ತಿರುಗುವ ಇಂಥ ಜಾಯಿಂಟು ಒಂದು ಸುತ್ತಿನಲ್ಲಿ ಎರಡು ಬಾರಿ ವೇಗವನ್ನು ಏರಿಳಿಸುತ್ತದೆ. ಕೋನಗಳು ಸಮವಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಮರಳ ದಿಬ್ಬ ಹತ್ತಲೆಂದು ವಾಹನವನ್ನು ಎತ್ತರಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಎಲ್ಲಕ್ಕಿಂತ ಮೊದಲು ರೋಗನಿರ್ಣಯ. ಕೈನಡುಕದವರು ಬಂದಾಗ ನಾವು ವೈದ್ಯರು ಮೊದಲು ಕೇಳುವುದು, ನಡುಕ ಯಾವಾಗ ಎಂದು. ಕೈ ಸುಮ್ಮನಿರುವಾಗಲೋ, ಲೋಟವನ್ನು ಎತ್ತುವಾಗಲೋ? ಉತ್ತರಕ್ಕೆ ತಕ್ಕಂತೆ ಕಾಯಿಲೆಯ ಹೆಸರೇ ಬದಲಾಗುತ್ತದೆ. ವಾಹನಕ್ಕೂ ಅದೇ ಪ್ರಶ್ನೆ. ಹೊರಡುವಾಗಿನ ನಡುಕವಾದರೆ ನಡುವಿನ ಬೇರಿಂಗ್ ಅಥವಾ ಜಾಯಿಂಟ್ ಕೋನಗಳನ್ನು ಶಂಕಿಸಬೇಕು. ಸ್ಟಿಯರಿಂಗ್ ಚಕ್ರ ನಿಧಾನವಾಗಿ ಅದುರಿದರೆ ಟೈರುಗಳನ್ನು ನೋಡಬೇಕು. 120ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ಸುತ್ತಿದರೆ ಶಾಫ್ಟ್ ಸುಮಾರು 55 ಸುತ್ತು ಸುತ್ತುತ್ತದೆ. ಆದುದರಿಂದ ಚಕ್ರದ ದೋಷ ಕೈಗೆ ತಿಳಿಯುತ್ತದೆ, ಶಾಫ್ಟಿನ ದೋಷ ಆಸನಕ್ಕೂ ಕಿವಿಗೂ ತಿಳಿಯುತ್ತದೆ.

ನಮ್ಮ ವಾಹನಕ್ಕೆ ಬೇಕಾಗಿದ್ದುದು ಒಂದು ಹೊಸ ಬೇರಿಂಗ್ ಮಾತ್ರ. ಹಳೆಯ ಎರಡು ತುಂಡಿನ ಶಾಫ್ಟನ್ನೇ ಮತ್ತೆ ಕೂಡಿಸಿ ಅದನ್ನು ಹಾಕಿಸಿದೆವು, ನಡುಕ ಹೋಯಿತು. ಪರೀಕ್ಷಿಸದೆ ಮದ್ದು ಬರೆಯಬಾರದೆಂದು ಕಿರಿಯ ವೈದ್ಯರಿಗೆ ಬೋಧಿಸುತ್ತ ಬಂದ ನಾವೇ ಪರೀಕ್ಷಿಸದೆ ಮದ್ದು ಕೊಂಡಿದ್ದೆವು. ಆ ತಪ್ಪಿನ ಮೇಲೆ ಕುಳಿತಿದ್ದವರು ನಮ್ಮ ಮಕ್ಕಳು. ತಮ್ಮ ಮಕ್ಕಳು ಕುಳಿತ ಆಸನದ ಕೆಳಗೆ ಏನು, ಎಷ್ಟು ವೇಗದಲ್ಲಿ ತಿರುಗುತ್ತಿದೆಯೆಂಬುದನ್ನು ತಾವೆಲ್ಲರೂ ಒಮ್ಮೆ ವಿಚಾರಿಸಿಕೊಂಡರೆ ಈ ಮಾತು ಸಾರ್ಥಕ.