ಅಮ್ಮನ ಫೀಸು

ಜೂನ್ ಬಂತೆಂದರೆ ಮನೆಯ ಲೆಕ್ಕದಲ್ಲಿ ಮಕ್ಕಳ ಫೀಸು, ಸಮವಸ್ತ್ರ, ನೋಟ್‌ಬುಕ್ಕೇ ಮೊದಲು. ಮದುವೆಯ ಗಡಿಬಿಡಿಯಲ್ಲಿ ಡಿಗ್ರಿ ಅರ್ಧಕ್ಕೆ ಬಿಟ್ಟ ತಾಯಿಗೂ ಓದುವ ಆಸೆ ಉಳಿದಿದೆಯೇ ಎಂದು ಯಾರೂ ಕೇಳುವುದಿಲ್ಲ. ಆಕೆಯೂ ಬಾಯಿಬಿಟ್ಟು ಹೇಳುವುದಿಲ್ಲ.

ದಾರಿ ಇದೆ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ., ಬಿ.ಕಾಂ. ಓದಲು ವಯಸ್ಸು ಮೀರಿತೆಂಬ ಮಾತಿಲ್ಲ. ಬಿಪಿಎಲ್ ಕಾರ್ಡಿನ ಮಹಿಳೆಯರಿಗೆ, ಆಟೋ ಚಾಲಕರಿಗೆ, ಮಾಜಿ ಸೈನಿಕರಿಗೆ ಅಲ್ಲಿ ಶುಲ್ಕ ರಿಯಾಯಿತಿ ಕೊಡುತ್ತಾ ಬಂದಿದ್ದಾರೆ. ಆದರೆ ಅದು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ರೇಷನ್ ಕಾರ್ಡೋ ಲೈಸೆನ್ಸೋ ಹಿಡಿದು ಪ್ರಾದೇಶಿಕ ಕೇಂದ್ರಕ್ಕೆ ಹೋಗಿ, ಹಣ ಕಟ್ಟುವ ಮುಂಚೆಯೇ ಕೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೂ ವಿಚಾರಿಸಲಿ. ಜಾತಿ, ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟರೆ ಕೊನೆಯ ದಿನದ ಓಡಾಟ ತಪ್ಪುತ್ತದೆ.

ಸಾಲದ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಅಷ್ಟಕ್ಕಷ್ಟೇ. ಈ ಓದಿಗೆ ಒಡವೆ ಅಡವಿಡಬೇಕಿಲ್ಲ. ಕೊರತೆ ಬಿದ್ದರೆ ಸ್ವಸಹಾಯ ಸಂಘದ ಸಣ್ಣ ಸಾಲ ಸಾಕಾದೀತು.

ಇನ್ನೊಂದು ಲೆಕ್ಕವೂ ಇದೆ. ಪರೀಕ್ಷೆಯ ವಾರ ಒಲೆಯ ಮುಂದೆ ನಿಲ್ಲುವವರು ಯಾರು? ಅರ್ಜಿ ತುಂಬುವ ದಿನವೇ ಮನೆಯವರೆಲ್ಲ ಕೂತು ಇದನ್ನು ಮಾತಾಡಿಕೊಳ್ಳಿ.