ನಾಟಕದಲ್ಲಿ ನಮ್ಮ ಮನೆ ಎಲ್ಲಿದೆ?

(ಮಸ್ಕಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಜಾತ್ರೆ ಬಂತೆಂದರೆ ನಾಟಕವೂ ಬಂತು. ನಾನು ಶಾಲಾ ಮಾಸ್ತರನಾಗಿದ್ದಾಗ ಹಳ್ಳಿಯ ಹುಡುಗರಿಗೆ ಒಂದು ಸಾಮಾಜಿಕ ನಾಟಕ ಕಲಿಸಿದ್ದೆ. ಕೊನೆಯ ಅಂಕದಲ್ಲಿ ಸಾಹುಕಾರನ ಮನಸ್ಸು ಕರಗುತ್ತದೆ. ಸಾಲದ ಪತ್ರ ಹರಿದುಹಾಕುತ್ತಾನೆ. ಜನ ಚಪ್ಪಾಳೆ ತಟ್ಟಿದರು. ಸಾಹುಕಾರನ ಪಾರ್ಟು ಮಾಡಿದವನು ಅಕ್ಕಿ ಗಿರಣಿಯ ಹಮಾಲ. ಬಣ್ಣ ತೊಳೆಯುತ್ತ ಆತ ಕೇಳಿದ: “ಮಾಸ್ತರ್, ನಮ್ಮೂರಾಗ ಹಿಂಗ ಎಂದಾದ್ರೂ ಆಗ್ಯಾದೇನ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. ನಾಟಕದ ಖರ್ಚಿಗೆಂದು ಅವನೇ ಬಡ್ಡಿಗೆ ಹಣ ತಂದಿದ್ದನೆಂಬುದು ಆಮೇಲೆ ತಿಳಿಯಿತು.

ಬಡವರ ಮನೆಯನ್ನು ಇದ್ದಂತೆಯೇ ತೋರಿಸಿದ ನಾಟಕಗಳಿವೆ. ದೂರದ ಐರ್ಲೆಂಡಿನ ಶಾನ್ ಓಕೇಸಿ ರೈಲ್ವೆಯಲ್ಲಿ ಕೂಲಿ ಮಾಡಿದವನು. ಆತನ ‘ಜೂನೋ ಅಂಡ್ ದಿ ಪೇಕಾಕ್’ ನಾಟಕವನ್ನು 1924ರಲ್ಲಿ ಡಬ್ಲಿನ್ ನಗರದ ಆಬಿ ರಂಗಮಂದಿರದಲ್ಲಿ ಆಡಿದರು. ವಠಾರದ ಒಂದು ಸಂಸಾರಕ್ಕೆ ಆಸ್ತಿ ಬರುವುದೆಂಬ ಸುದ್ದಿ. ಅದನ್ನೇ ನಂಬಿ ಉದ್ರಿ ತರುತ್ತಾರೆ. ಆಸ್ತಿ ಬರುವುದಿಲ್ಲ, ಮನೆಯ ಸಾಮಾನು ಹೊತ್ತೊಯ್ಯುತ್ತಾರೆ. ಮಗ ಅಂತರ್ಯುದ್ಧಕ್ಕೆ ಬಲಿಯಾಗುತ್ತಾನೆ. ಕುಡುಕ ಗಂಡನನ್ನು ಬಿಟ್ಟು, ಮೋಸಹೋದ ಬಸುರಿ ಮಗಳನ್ನು ಕರೆದುಕೊಂಡು ತಾಯಿ ಹೊರಡುತ್ತಾಳೆ. ಉದ್ರಿ ಪುಸ್ತಕ ಇಟ್ಟ ಅಂಗಡಿಕಾರರಿಗೂ ಅದರಲ್ಲಿ ಹೆಸರಿರುವ ಕೂಲಿಕಾರರಿಗೂ ಇದನ್ನು ಬಿಡಿಸಿ ಹೇಳಬೇಕೆ?

ನಮ್ಮಲ್ಲೂ ಅಂಥದು ಉಂಟು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದರು, ಉಮಾಶ್ರೀಯವರು ಸಾಕವ್ವನಾದರು. ಕಳೆದುಹೋದ ಹುಂಜಕ್ಕಾಗಿ ಅಲೆಯುವ ಮುದುಕಿ ಆಕೆ. ಹಸಿದ ಮನೆಮಂದಿಯೆಲ್ಲ ರಾತ್ರಿ ಕೂತು, ಕದ್ದು ತಂದ ಶೇಂಗಾ ತಿನ್ನುತ್ತಾರೆ. ಹಿಂದೆಯೇ ಪೊಲೀಸರು ಬರುತ್ತಾರೆ. ಯಾವ ಧಣಿಯ ಮನಸ್ಸೂ ಅಲ್ಲಿ ಕರಗುವುದಿಲ್ಲ.

ಇಂಥ ನಾಟಕ ನೋಡಿದವನು ಅಳುತ್ತಾನೆ, ನಿಜ. ಆದರೆ ಮನೆಯ ದಾರಿಯಲ್ಲಿ ‘ಹೀಗೇಕೆ?’ ಎಂದು ಕೇಳಿಕೊಳ್ಳುತ್ತಾನೆ. ನಾನು ಕಲಿಸಿದ ನಾಟಕ ಆ ಪ್ರಶ್ನೆಯನ್ನು ಚಪ್ಪಾಳೆಯಲ್ಲಿ ಮುಳುಗಿಸಿತ್ತು. ಅದು ನನ್ನ ತಪ್ಪು.

ಖರ್ಚಿನ ಮಾತೆ? 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದವರು ಪರದೆಯಿಲ್ಲದೆ ಬೀದಿಯಲ್ಲೇ ನಾಟಕ ಆಡಿ ತೋರಿಸಿದ್ದಾರೆ. ಬರುವ ಜಾತ್ರೆಗೆ ನಾವೂ ಸಾಲ ಮಾಡದೆ ಒಂದು ನಾಟಕ ಆಡೋಣ. ಅದರ ಕೊನೆಯ ಅಂಕವನ್ನು ಮಾಸ್ತರರು ಬರೆಯುವುದು ಬೇಡ. ಆ ಹಮಾಲನನ್ನು ಕೇಳಿ ಬರೆಯೋಣ.