ಹೆರಿಗೆಯ ಧೈರ್ಯ ಎಲ್ಲಿಂದ ಬರುತ್ತದೆ?

(ಫಹಾಹೀಲ್‌ನಲ್ಲಿ ಸೇರಿದ್ದ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಫಹಾಹೀಲ್, ಮಂಗಾಫ್, ಮಹಬೂಲಾಗಳ ಬಾಡಿಗೆ ಫ್ಲ್ಯಾಟಿನಲ್ಲಿ ಸಂಸಾರ ಹೂಡಿರುವ ಕನ್ನಡದ ಹೆಣ್ಣುಮಗಳು ಬಸುರಿಯಾದಳೆಂದರೆ, ಸಿಹಿ ಸುದ್ದಿಯ ಬೆನ್ನಿಗೇ ಮನೆಯಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಊರಿಗೆ ಹೋಗುವುದೋ, ಇಲ್ಲೇ ಹೆರುವುದೋ? ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಕಡೆಯ ರೂಢಿ. ಆದರೆ ಏಳು ತಿಂಗಳು ತುಂಬಿದ ಮೇಲೆ ವಿಮಾನ ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ. ದಿನ ಹತ್ತಿರವಾದಂತೆ ಹತ್ತಿಸಿಕೊಳ್ಳಲು ಒಪ್ಪುವುದಿಲ್ಲ. ಅವಳು ದುಡಿಯುವವಳಾಗಿದ್ದರೆ ಕುವೈತಿನ 2010ರ ಕಾರ್ಮಿಕ ಕಾನೂನು 70 ದಿನಗಳ ವೇತನಸಹಿತ ರಜೆ ಕೊಡುತ್ತದೆ. ಊರಿನ ಬಾಣಂತನಕ್ಕೆ ಅದು ಸಾಲುವುದು ಕಷ್ಟ. ಹೀಗೆ ಅನೇಕರು ಇಲ್ಲೇ ಉಳಿಯುತ್ತಾರೆ. ಉಳಿದವಳು ಹೆರಿಗೆಯ ಕೋಣೆಗೆ ಹೋಗುವಾಗ ಜೊತೆಗೆ ತಾಯಿಯಿಲ್ಲ, ಅತ್ತೆಯಿಲ್ಲ, ಓಣಿಯ ಅನುಭವಸ್ಥ ಹೆಂಗಸಿಲ್ಲ. ಅವಳಿಗೆ ಎಲ್ಲರೂ ಹೇಳುವ ಮಾತು ಒಂದೇ: ‘ಧೈರ್ಯವಾಗಿರು.’

ಧೈರ್ಯವೆಂಬುದು ಗರ್ಭಿಣಿಯು ತನ್ನೊಳಗೇ ಎಲ್ಲಿಂದಲೋ ತೋಡಿ ತೆಗೆಯಬೇಕಾದ ವಸ್ತುವೇ? ಸಹಜ ಹೆರಿಗೆಯ ಕುರಿತ ಬಹುಪಾಲು ಉಪದೇಶ ಹಾಗೆಂದೇ ಭಾವಿಸಿದೆ. ಉಸಿರಾಟದ ಅಭ್ಯಾಸ ಮಾಡು, ಒಳ್ಳೆಯದನ್ನು ಯೋಚಿಸು, ಹೆದರಬೇಡ ಎನ್ನುತ್ತದೆ. ಹೆದರಿಕೆಗೆ ಕಾರಣವಿರಬಹುದು ಎಂಬುದನ್ನು ಮಾತ್ರ ಅದು ವಿಚಾರಿಸುವುದಿಲ್ಲ.

ಕಾರಣ ನಿಜವಾದುದೇ ಆಗಿತ್ತು. ಕರ್ನಾಟಕದಲ್ಲಿ 2001–03ರ ಸುಮಾರಿಗೆ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಮಾದರಿ ನೋಂದಣಿ ಸಮೀಕ್ಷೆಯ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಆಸ್ಪತ್ರೆಯ ಹೆರಿಗೆಗಳು ರಾಜ್ಯದಲ್ಲಿ ಶೇಕಡ 65ರ ಆಸುಪಾಸಿನಿಂದ 97ಕ್ಕೆ ಏರಿದವು. ಆಶಾ ಕಾರ್ಯಕರ್ತೆಯರ ನಡಿಗೆ, ಆಂಬ್ಯುಲೆನ್ಸ್, ರಕ್ತನಿಧಿ, ಜನನಿ ಸುರಕ್ಷಾ ಯೋಜನೆ ಇವೆಲ್ಲ ಸೇರಿ ಆದ ಕೆಲಸ ಇದು. ‘ಅಜ್ಜಿಯರೆಲ್ಲ ಮನೆಯಲ್ಲೇ ಹೆರಲಿಲ್ಲವೇ’ ಎನ್ನುವವರು, ಹೆರುವಾಗ ಸತ್ತ ಅಜ್ಜಿಯರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಕುವೈತಿನ ತೀರದಲ್ಲೂ ಹಿಂದಿನದೆಲ್ಲ ಸುಂದರವಾಗಿರಲಿಲ್ಲ. 1912ರಲ್ಲಿ ಇಲ್ಲಿಗೆ ಬಂದ ಮೊದಲ ವೈದ್ಯೆ, ಅಮೆರಿಕನ್ ಮಿಷನ್ನಿನ ಎಲಿನರ್ ಕಾಲ್ವರ್ಲಿ ಅವರ ಕಾಲದಲ್ಲಿ, ಹೆತ್ತ ಹೆಂಗಸಿನ ಜನನಾಂಗಕ್ಕೆ ಉಪ್ಪು ತುಂಬುವ ಪದ್ಧತಿ ಕೊಲ್ಲಿಯ ಸೀಮೆಯಲ್ಲಿತ್ತು. ಗಾಯ ಒಣಗಲೆಂದು ಮಾಡುತ್ತಿದ್ದ ಆ ಉಪಚಾರದಿಂದ ದಾರಿಯೇ ಕಿರಿದಾಗಿ, ಮುಂದಿನ ಹೆರಿಗೆ ಪ್ರಾಣಾಂತಿಕವಾಗುತ್ತಿತ್ತು.

ಆದರೆ ಅಂಕಿಗಳ ಇನ್ನೊಂದು ಸಾಲೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015–16ರಲ್ಲಿ ಶೇ. 23.6 ಇದ್ದದ್ದು 2019–21ಕ್ಕೆ ಶೇ. 31.5 ಆಯಿತು. ಇಡೀ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇ. 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಬಾಗಿಲು ಬದಲಾದ ಮಾತ್ರಕ್ಕೆ ಹೆಣ್ಣಿನ ಸೊಂಟದ ಅಳತೆ ಬದಲಾಗುವುದಿಲ್ಲ. ಕಷ್ಟದ ಪ್ರಕರಣಗಳು ಸರ್ಕಾರಿ ಆಸ್ಪತ್ರೆಗೂ ಬರುತ್ತವೆ, ಬಹುಶಃ ಹೆಚ್ಚೇ ಬರುತ್ತವೆ. ಜನಸಮುದಾಯದ ಮಟ್ಟದಲ್ಲಿ ಸಿಸೇರಿಯನ್ ಪ್ರಮಾಣ ಶೇ. 10ನ್ನು ದಾಟಿದ ಮೇಲೆ, ಅದರ ಏರಿಕೆಗೂ ಸಾವುಗಳ ಇಳಿಕೆಗೂ ನಂಟು ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಉಳಿದ ಕತ್ತರಿ ಪ್ರಯೋಗಕ್ಕೆ ಕಾರಣ ವೈದ್ಯರ ಸಮಯ, ಆಸ್ಪತ್ರೆಯ ಬಿಲ್ಲು, ಕೆಲವೊಮ್ಮೆ ಜ್ಯೋತಿಷಿಯ ಮುಹೂರ್ತ. ಮತ್ತು ಅನೇಕ ವೇಳೆ, ಒಬ್ಬಂಟಿಯಾಗಿ ಮಲಗಿಸಲ್ಪಟ್ಟ ಹೆಣ್ಣಿನ ಭಯ.

ಈ ಭಯವನ್ನು ಬಲ್ಲವರೊಬ್ಬರು ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿದ್ದರು. ಸೂಲಗಿತ್ತಿ ನರಸಮ್ಮ 1920ರಲ್ಲಿ ಹುಟ್ಟಿದರು. ಅಕ್ಷರ ಕಲಿಯಲಿಲ್ಲ; ವಿದ್ಯೆ ಅಜ್ಜಿಯಿಂದ ಬಂತು. ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದರು, ಕೂಲಿ ಕೇಳಲಿಲ್ಲ. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರನ್ನು ಕುರಿತು ಬರೆದವರು ಬೇರು, ನಾರು, ಕೈಗುಣಗಳ ಬಗ್ಗೆಯೇ ಹೆಚ್ಚು ಬರೆದಿದ್ದಾರೆ. ಸೂಲಗಿತ್ತಿಯ ಕಸುಬಿನ ತಿರುಳು ಇನ್ನೂ ಸರಳವಾದುದು: ಬೇನೆ ಶುರುವಾದಾಗ ಬಂದು ಮಾಸು ಬೀಳುವ ತನಕ ಎದ್ದು ಹೋಗದಿರುವುದು. ಸೊಂಟ ನೀವುತ್ತ, ನಡೆಸುತ್ತ, ಕುಡಿಸುತ್ತ, ಮಾತಾಡಿಸುತ್ತ ಇರುವುದು.

ಇಲ್ಲೂ ಒಂದು ಕಹಿಯನ್ನು ಮರೆಯಬಾರದು. ಹೆರಿಗೆಯನ್ನು ಸೂತಕವೆಂದು ಕರೆದ ಸಮಾಜ, ಆ ರಕ್ತವನ್ನು ಮುಟ್ಟುವ ಕೆಲಸವನ್ನು ಅನೇಕ ಕಡೆ ‘ಕೆಳಗಿನ’ ಜಾತಿಯ ಹೆಂಗಸರ ಪಾಲಿಗೆ ಬಿಟ್ಟಿತು. ನಡುರಾತ್ರಿ ಓಡಿಹೋಗಿ ಕರೆತಂದವಳನ್ನು ಬೆಳಗಾದ ಮೇಲೆ ಹಿತ್ತಿಲ ಬಾಗಿಲಿನಿಂದ ಕಳಿಸಿತು. ಅವಳ ಜ್ಞಾನಕ್ಕೆ ಈಗ ಮಾಲೆ ಹಾಕುವವರು ಇದನ್ನೂ ನೆನೆಯಬೇಕು.

ನರಸಮ್ಮನವರ ಹಳ್ಳಿಯಿಂದ ಪ್ಯಾರಿಸ್ಸಿಗೆ ಬಹಳ ದೂರ. ಆದರೂ ಅದೇ ಕಾಲದಲ್ಲಿ ಅಲ್ಲೊಂದು ಪ್ರಯೋಗ ನಡೆದಿತ್ತು. ಇಂದು ನಗರಗಳ ಖಾಸಗಿ ಆಸ್ಪತ್ರೆಗಳು ‘ಲಮಾಜ್ ಕ್ಲಾಸ್’ ಎಂದು ದುಬಾರಿ ಶುಲ್ಕಕ್ಕೆ ಮಾರುವ ತರಬೇತಿಯ ಮೂಲ ಎಲ್ಲಿದೆಯೆಂದು ಮಾರುವವರಿಗೂ ತಿಳಿದಿರಲಾರದು. ಸೋವಿಯತ್ ಒಕ್ಕೂಟದ ವೈದ್ಯರು ಪಾವ್ಲೋವನ ಸಿದ್ಧಾಂತವನ್ನು ಆಧರಿಸಿ ನೋವಿನ ಭಯವನ್ನು ತಿಳಿವಳಿಕೆಯಿಂದ ಇಳಿಸುವ ವಿಧಾನವೊಂದನ್ನು ರೂಪಿಸಿದ್ದರು. ಫರ್ನಾಂಡ್ ಲಮಾಜ್ ಎಂಬ ಫ್ರೆಂಚ್ ವೈದ್ಯ 1951ರಲ್ಲಿ ಅದನ್ನು ಕಣ್ಣಾರೆ ಕಂಡು ಬಂದು, ಪ್ಯಾರಿಸ್ಸಿನ ಬ್ಲುಯೆ ಬೀದಿಯ ಆಸ್ಪತ್ರೆಯಲ್ಲಿ ಆರಂಭಿಸಿದ. ಆ ಆಸ್ಪತ್ರೆ ಲೋಹ ಕಾರ್ಮಿಕರ ಸಂಘದ್ದು! ಕಾರ್ಖಾನೆಯ ಹೆಂಗಸರಿಗೆ, ಕಾರ್ಮಿಕರ ಹೆಂಡಂದಿರಿಗೆ ಅಲ್ಲಿ ಗರ್ಭಕೋಶದ ಚಿತ್ರ ತೋರಿಸಿ ಪಾಠ ಹೇಳುತ್ತಿದ್ದರು. ಕಮ್ಯುನಿಸ್ಟರ ಹೆರಿಗೆ ಎಂದು ಮೂದಲಿಕೆ ಬಂತು. 1956ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಇದರಲ್ಲಿ ತಪ್ಪಿಲ್ಲವೆಂದು ಹೇಳಿದ ಮೇಲೆ ವಿರೋಧ ತಣ್ಣಗಾಯಿತು. ದೋಷವೂ ಇತ್ತು. ಹೆರಿಗೆಗಳಿಗೆ ಅಲ್ಲಿ ದರ್ಜೆ ಕೊಡುತ್ತಿದ್ದರು, ಕಿರುಚಾಡಿದವಳದು ‘ವಿಫಲ’. ಆತ್ಮವಿಶ್ವಾಸವೂ ಒಂದು ಪರೀಕ್ಷೆಯಾದರೆ ಹೆಣ್ಣಿಗೆ ಇನ್ನೊಂದು ಹೊರೆ ಸೇರುತ್ತದೆ. ಕೂಗುವವಳು ಸೋತವಳಲ್ಲ. ನೋವಿನ ಚುಚ್ಚುಮದ್ದು ಕೇಳಿದವಳೂ ಸೋತವಳಲ್ಲ, ಕೊನೆಗೆ ಸಿಸೇರಿಯನ್ ಆದವಳೂ ಅಲ್ಲ. ಮಗುವಿನ ಎದೆಬಡಿತ ಕುಸಿದಾಗ ಕತ್ತರಿ ಹಿಡಿಯುವ ಕೈ ಜೀವ ಉಳಿಸುವ ಕೈ.

ಹಾಗಾದರೆ ಸಿದ್ಧತೆ ಎಂದರೇನು? ಮೊದಲನೆಯದು ದೇಹದ ಕೆಲಸವನ್ನು ಅರಿಯುವುದು. ಬೇನೆ ಅಲೆಯಂತೆ ಬರುತ್ತದೆ, ಏರುತ್ತದೆ, ಇಳಿಯುತ್ತದೆ; ನಡುವೆ ಬಿಡುವಿರುತ್ತದೆ. ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ನೆಮ್ಮದಿಯಲ್ಲಿ ಚೆನ್ನಾಗಿ ಸ್ರವಿಸುತ್ತದೆ. ಬೆದರಿದಾಗ ಹೆಚ್ಚುವ ಅಡ್ರಿನಲಿನ್ ಅದಕ್ಕೆ ಅಡ್ಡ ಬರುತ್ತದೆ. ಹೆರಿಗೆಯ ಕೋಣೆಯಲ್ಲಿ ಗದರುವ ಒಂದು ದನಿ ಬೇನೆಯನ್ನೇ ನಿಧಾನಿಸಬಲ್ಲದು. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರಿನಂತೆ ತೆರೆಯಲೇಬೇಕು ಎಂಬ ಹಳೆಯ ಅಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೈಬಿಟ್ಟಿತು. ಐದು ಸೆಂಟಿಮೀಟರ್ ತೆರೆದ ಬಳಿಕವೇ ಬಿರುಸಿನ ಹಂತ ಶುರುವೆಂದು ಎಣಿಸಬೇಕು. ಚೊಚ್ಚಲಿಗೆ ಅಲ್ಲಿಂದ ಹನ್ನೆರಡು ಗಂಟೆಯಾದರೂ ಅಸಹಜವಲ್ಲ. ತೊಡಕಿಲ್ಲದ ಹೆಣ್ಣು ನಡೆದಾಡಬಹುದು, ಕೂರಬಹುದು, ನೀರು ಕುಡಿದು ಏನಾದರೂ ತಿನ್ನಬಹುದು. ಎಲ್ಲರಿಗೂ ಕಡ್ಡಾಯವೆಂಬಂತೆ ಹಾಕುವ ಕೊಯ್ತವೂ ಎನಿಮಾವೂ ಬೇಡ. ಇವು ಆ ಸಂಸ್ಥೆಯ ಶಿಫಾರಸುಗಳು. ಕೇಳುವ ಹಕ್ಕು ಗರ್ಭಿಣಿಗಿದೆ. ಜೊತೆಗೇ ಅಪಾಯದ ಗುರುತುಗಳೂ ಬಾಯಿಪಾಠವಾಗಿರಲಿ: ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಜ್ವರ, ಮಗುವಿನ ಮಿಸುಕಾಟ ತಗ್ಗುವುದು, ಒಡೆದ ನೀರು ಹಸಿರಾಗಿರುವುದು. ಇವುಗಳಲ್ಲಿ ಒಂದು ಕಂಡರೂ ಊರಿಗೆ ಫೋನು ಮಾಡಿ ಕೇಳುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಜೊತೆ. ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ನಡೆದು 1980ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದು ಇಲ್ಲಿ ಮುಖ್ಯ. ಒಬ್ಬಂಟಿಯಾಗಿ ಬೇನೆ ತಿಂದ ಚೊಚ್ಚಲಗಿತ್ತಿಯರಿಗೆ ಸರಾಸರಿ 19 ಗಂಟೆ ಹಿಡಿದಿತ್ತು. ಪಕ್ಕದಲ್ಲಿ ಹೆಂಗಸೊಬ್ಬಳಿದ್ದವರಿಗೆ 9 ಗಂಟೆಗೂ ಕಡಿಮೆ. ಆ ಹೆಂಗಸು ನರ್ಸ್ ಅಲ್ಲ, ಬಂಧುವೂ ಅಲ್ಲ. ಅದೇ ದಿನ ಪರಿಚಯವಾದವಳು. ಮುಂದೆ ಹಲವು ದೇಶಗಳ 26 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗಲೂ, ನಿರಂತರ ಜೊತೆಯಿದ್ದ ಕಡೆ ಸಿಸೇರಿಯನ್ ಕಡಿಮೆ, ಬೇನೆಯ ಅವಧಿ ಕಡಿಮೆ ಎಂದು ತಿಳಿಯಿತು. ತವರಿಲ್ಲದ ಫಹಾಹೀಲ್‌ಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ತಾಯಿಯೇ ಬರಬೇಕೆಂದಿಲ್ಲ, ಮೇಲಿನ ಮಹಡಿಯ ನೆರೆಯಾಕೆ ಸಾಕು. ಯಾರಿಗೆ ಒಳಗೆ ಪ್ರವೇಶ, ಗಂಡನಿಗೋ ಹೆಂಗಸಿಗೋ, ಎಂಬುದನ್ನು ಆಸ್ಪತ್ರೆಯಲ್ಲಿ ತಿಂಗಳುಗಳ ಮೊದಲೇ ವಿಚಾರಿಸಿಡಬೇಕು. ಗಂಡಂದಿರಿಗೂ ಒಂದು ಮಾತು: ಕಾರಿಡಾರಿನಲ್ಲಿ ಮೊಬೈಲು ಹಿಡಿದು ನಿಲ್ಲುವುದು ಜೊತೆಯಾಗುವುದಿಲ್ಲ. ಒಂಬತ್ತು ತಿಂಗಳ ತಪಾಸಣೆಗಳಿಗೆ ಹೋಗಿ, ವೈದ್ಯರ ಮಾತು ಕೇಳಿ, ಬಾಣಂತಿಗೆ ಬಿಸಿನೀರು ಕಾಯಿಸುವುದನ್ನೂ ಕಲಿತವನು ಜೊತೆಗಾರ.

ಭಾಷೆಯೂ ಜೊತೆಯೇ. ಇಲ್ಲಿನ ವಾರ್ಡುಗಳಲ್ಲಿ ಮಲಯಾಳಿ ನರ್ಸುಗಳಿರುವುದರಿಂದ ಕರಾವಳಿಯವರು ಹೇಗೋ ಸಂಭಾಳಿಸುತ್ತಾರೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದವಳು ಮೂಕಿಯಾಗುತ್ತಾಳೆ. ಹೆರಿಗೆ ನೋವಿಗೆ ಅರಬ್ಬಿಯಲ್ಲಿ ‘ತಲ್ಕ್’, ಹೆರಿಗೆಗೆ ‘ವಿಲಾದಾ’. ಇಂಥ ಇಪ್ಪತ್ತು ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡುವುದು ಯಾವ ಕೂಟಕ್ಕೂ ಭಾರವಲ್ಲ.

ಮೂರನೆಯದು ಕಾಗದ, ಮತ್ತು ಇದನ್ನು ಯಾವ ಗರ್ಭಿಣಿ ತರಗತಿಯೂ ಕಲಿಸುವುದಿಲ್ಲ. 2022ರ ನವೆಂಬರಿನಲ್ಲಿ, ಅದೇ ನರಸಮ್ಮನವರ ತುಮಕೂರು ಜಿಲ್ಲೆಯಲ್ಲಿ, ತಮಿಳುನಾಡಿನಿಂದ ಬಂದು ನೆಲೆಸಿದ್ದ ಬಡ ಗರ್ಭಿಣಿಯೊಬ್ಬಳು ಬೇನೆಯೊಡನೆ ಸರ್ಕಾರಿ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡೂ ಆಧಾರೂ ಇಲ್ಲವೆಂದು ಒಳಗೆ ಸೇರಿಸಿಕೊಳ್ಳಲಿಲ್ಲ ಎಂಬ ದೂರು ಎದ್ದಿತು, ಸಿಬ್ಬಂದಿ ಅಮಾನತಾದರು. ಅವಳು ಮನೆಗೆ ಮರಳಿ, ಅವಳಿ ಮಕ್ಕಳನ್ನು ಹೆರುತ್ತ ತೀರಿಕೊಂಡಳು. ಮಕ್ಕಳೂ ಉಳಿಯಲಿಲ್ಲ. ಅವಳ ಧೈರ್ಯಕ್ಕೆ ಏನು ಕೊರತೆಯಿತ್ತು? ಕನ್ನಡ ನಾಡಿನಲ್ಲಿ ಅವಳು ಹೊರಗಿನವಳಾಗಿದ್ದಳು. ಇಲ್ಲಿ ಕನ್ನಡಿಗರು ಹೊರಗಿನವರು. ಸಿವಿಲ್ ಐಡಿ, ವಿವಾಹ ಪ್ರಮಾಣಪತ್ರ, ಇಕಾಮಾ ನವೀಕರಣ ಇವುಗಳ ಭಯ ಹೆರಿಗೆಯ ಭಯಕ್ಕಿಂತ ಬೇರೆಯಲ್ಲ.

2024ರಲ್ಲಿ ಕುಟುಂಬ ವೀಸಾಕ್ಕೆ 800 ದಿನಾರ್ ಸಂಬಳ ಬೇಕೆಂದು ನಿಯಮ ಬಂದ ಮೇಲೆ, ಈ ಪಟ್ಟಣದಲ್ಲಿ ದುಡಿಯುವ ಎಷ್ಟೋ ಗಂಡಸರಿಗೆ ಹೆಂಡತಿಯ ಹೆರಿಗೆಯೆಂದರೆ ಫೋನಿನ ಪರದೆಯಲ್ಲಿ ಕಾಣುವ ಮುಖ. ಇನ್ನು ಮನೆಗೆಲಸಕ್ಕೆ ಬಂದ ಹೆಂಗಸರು 2010ರ ಆ ಕಾರ್ಮಿಕ ಕಾನೂನಿನ ವ್ಯಾಪ್ತಿಗೇ ಸೇರಿಲ್ಲ. 70 ದಿನಗಳ ರಜೆ ಅವರದಲ್ಲ. ವಿವಾಹವಿಲ್ಲದೆ ಬಸುರಾದವಳ ಪಾಲಿಗೆ ಆಸ್ಪತ್ರೆಯ ಬಾಗಿಲೇ ಪೊಲೀಸ್ ಠಾಣೆಯ ಬಾಗಿಲಾಗುವ ಸಂಭವವಿದೆ. ಅಂಥವಳಿಗೆ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಕ್ರೌರ್ಯ.

ಸೀಮಂತಕ್ಕೆ ಸಭಾಂಗಣ ಹಿಡಿದು, ಬಳೆ ತೊಡಿಸಿ, ಫೋಟೊ ತೆಗೆಸುವ ಉತ್ಸಾಹ ಇಲ್ಲಿನ ಸಂಘಗಳಲ್ಲಿ ಕಡಿಮೆಯಿಲ್ಲ. ಅದೇ ದಿನ ಒಂದು ಹಾಳೆ ಮೇಜಿನ ಮೇಲಿರಲಿ. ನಡುರಾತ್ರಿ ಕರೆದರೂ ಬಂದು ಪಕ್ಕದಲ್ಲಿ ಕೂರಬಲ್ಲ ಹೆಂಗಸರ ಹೆಸರು, ಕಾರು ಓಡಿಸಬಲ್ಲವರ ಹೆಸರು, ಅರಬ್ಬಿ ಬಲ್ಲವರ ಹೆಸರು, ಕಾಗದಪತ್ರ ಬಲ್ಲವರ ಹೆಸರು ಅದರಲ್ಲಿರಲಿ. ಆ ಹಾಳೆಯ ಒಂದು ಪ್ರತಿ, ಸೀಮಂತಕ್ಕೆ ಯಾರೂ ಕರೆಯದ ಮನೆಗೆಲಸದಾಕೆಗೂ ತಲುಪಲಿ. ಇಂದಿನ ಸಭೆ ಮುಗಿಯುವ ಮೊದಲು ಮೊದಲ ನಾಲ್ಕು ಹೆಸರು ಬರೆಯಬಹುದು. ಹಾಳೆ ಬಾಗಿಲ ಬಳಿ ಇದೆ.